ವ್ಯಾನಿನ ಮುಂದಿನ ಗಾಜು: ಯಾವಾಗ ರಿಪೇರಿ, ಯಾವಾಗ ಹೊಸದು

ಗಾಜಿಗೆ ಕಲ್ಲು ಬಡಿಯಿತಾ? ಗಾಡಿ ಪಕ್ಕಕ್ಕೆ ಹಾಕಿ, ಒಂದು ತುಂಡು ಪಾರದರ್ಶಕ ಟೇಪ್ ತೆಗೆದುಕೊಂಡು ಏಟು ಬಿದ್ದ ಜಾಗದ ಮೇಲೆ ಹೊರಗಿನಿಂದ ಅಂಟಿಸಿ. ಮಿಕ್ಕಿದ್ದೆಲ್ಲ ಆಮೇಲೆ ನೋಡೋಣ. ವ್ಯಾನುಗಳಿಗೆ ಗಾಜು ಕೂರಿಸುವುದೇ ನನ್ನ ಕೆಲಸ. ನಾನು ಕಿತ್ತು ಎಸೆದ ಗಾಜುಗಳಲ್ಲಿ ಎಷ್ಟನ್ನೋ ಈ ಒಂದು ತುಂಡು ಟೇಪ್ ಉಳಿಸುತ್ತಿತ್ತು. ಏಟಿನ ಗುಳಿಯೊಳಗೆ ದೂಳು, ನೀರು, ವೈಪರ್ ಸೋಪು ಸೇರಿಕೊಂಡರೆ ರೆಸಿನ್, ಅಂದರೆ ಬಿರುಕು ತುಂಬುವ ಅಂಟುದ್ರವ, ಸರಿಯಾಗಿ ಇಳಿಯುವುದಿಲ್ಲ. ಇಳಿದರೂ ಹಿಡಿಯುವುದಿಲ್ಲ. ಉಗುರಿನಿಂದ ಕೆರೆದು ನೋಡುವುದು, ಬೆರಳಿಟ್ಟು ಒತ್ತುವುದು, ಇವೆಲ್ಲ ಬೇಡ.

ಸಣ್ಣ ಸರಕು ವ್ಯಾನಿನ ಗಾಜು ಕಾರಿನ ಗಾಜಿಗಿಂತ ಜಾಸ್ತಿ ಪೆಟ್ಟು ತಿನ್ನುತ್ತದೆ. ಗಾಡಿ ದಿನವಿಡೀ ರಸ್ತೆಯಲ್ಲೇ ಇರುತ್ತದೆ. ಒಂದೊಂದು ಡೆಲಿವರಿಗೂ ಬಾಗಿಲು ಧಡ್ ಅಂತ ಬೀಳುತ್ತದೆ. ಹಿಂದೆ ಭಾರ ತುಂಬಿಕೊಂಡು ಒಂದು ಚಕ್ರ ಗುಂಡಿಗೆ ಇಳಿದಾಗ ಬಾಡಿ ತುಸು ತಿರುಚುತ್ತದೆ. ಆ ತಿರುಚು ಚೌಕಟ್ಟಿನ ಮೂಲಕ ಗಾಜಿಗೂ ತಲುಪುತ್ತದೆ. ಕಾರಿನಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಕೂತಿರಬಹುದಾದ ಒಂದು ಚಿಪ್, ಅಂದರೆ ಕಲ್ಲೇಟಿನ ಸಣ್ಣ ಗುಳಿ, ವ್ಯಾನಿನಲ್ಲಿ ಒಂದು ಬೆಳಗ್ಗೆ ಈ ತುದಿಯಿಂದ ಆ ತುದಿಗೆ ಓಡಿಬಿಡುತ್ತದೆ. ‘ಭಾನುವಾರ ನೋಡೋಣ’ ಅನ್ನುವ ಮಾತು ವ್ಯಾನಿನ ಗಾಜಿಗೆ ಆಗಿಬರುವುದಿಲ್ಲ.

ರಿಪೇರಿ ಆಗುತ್ತಾ, ಇಲ್ವಾ?

ಇದನ್ನು ತೀರ್ಮಾನಿಸಲು ಗಾಜಿನ ಒಳಗೆ ಏನಿದೆ ಅಂತ ಗೊತ್ತಿರಬೇಕು. ಮುಂದಿನ ಗಾಜು ಅಂದರೆ ಎರಡು ಗಾಜುಗಳು, ನಡುವೆ ಪಿವಿಬಿ ಅನ್ನುವ ಪ್ಲಾಸ್ಟಿಕ್ ಹಾಳೆ. ಒಂದೊಂದು ಗಾಜೂ ಸುಮಾರು 2 ಮಿಲಿಮೀಟರ್ ದಪ್ಪ, ಹಾಳೆ ಸಾಮಾನ್ಯವಾಗಿ 0.76 ಮಿಲಿಮೀಟರ್. ಒಡೆದರೂ ಚೂರುಗಳು ಆ ಹಾಳೆಗೆ ಕಚ್ಚಿಕೊಂಡಿರುತ್ತವೆ. ಫ್ರಾನ್ಸಿನ ಎದುವಾರ್ ಬೆನೆಡಿಕ್ಟಸ್ ಎಂಬ ರಸಾಯನಶಾಸ್ತ್ರಜ್ಞನ ಪ್ರಯೋಗಾಲಯದಲ್ಲಿ ಒಂದು ಗಾಜಿನ ಬುಡ್ಡಿ ಕೆಳಗೆ ಬಿದ್ದು ಬಿರುಕು ಬಿಟ್ಟರೂ ಚೂರಾಗಲಿಲ್ಲವಂತೆ. ಒಳಗೆ ಒಣಗಿದ ಸೆಲ್ಯುಲೋಸ್ ಪದರ ಅದನ್ನು ಹಿಡಿದಿತ್ತು. ಆತ 1909ರಲ್ಲಿ ಇಂಥ ಗಾಜಿಗೆ ಪೇಟೆಂಟ್ ಮಾಡಿಸಿದ. ಹಾಳೆ ಬದಲಾಗಿದೆ, ಉಪಾಯ ಇವತ್ತಿಗೂ ಅದೇ. ಪಕ್ಕದ ಬಾಗಿಲಿನ ಗಾಜು ಸಾಮಾನ್ಯವಾಗಿ ಬೇರೆ ಜಾತಿ. ಅದು ಟೆಂಪರ್ಡ್, ಒಡೆದರೆ ಹರಳು ಹರಳಾಗಿ ಉದುರುತ್ತದೆ. ಅದಕ್ಕೆ ರಿಪೇರಿ ಅನ್ನುವುದೇ ಇಲ್ಲ.

ಕಲ್ಲಿನ ಏಟು ಸಾಮಾನ್ಯವಾಗಿ ಹೊರಗಿನ ಗಾಜಿಗೆ ಮಾತ್ರ ಆಗಿರುತ್ತದೆ. ಆಗ ರಿಪೇರಿ ಸಾಧ್ಯ. ಒಳಗಡೆಯಿಂದ ಅದೇ ಜಾಗದ ಮೇಲೆ ಉಗುರನ್ನು ಮೆಲ್ಲಗೆ ಆಡಿಸಿ. ನುಣುಪಾಗಿದ್ದರೆ ಸರಿ. ಗರಗರ ಅಂದರೆ ಒಳಗಿನ ಗಾಜೂ ಹೋಗಿದೆ, ಹೊಸದೇ ಹಾಕಬೇಕು. ನಡುವಿನ ಹಾಳೆ ಹರಿದಿದ್ದರೆ, ಅಥವಾ ಏಟಿನ ಸುತ್ತ ಹಾಲಿನಂತೆ ಬಿಳಿ ಮಬ್ಬು ಕಂಡರೂ ನಾನು ರಿಪೇರಿಗೆ ಕೈ ಹಾಕುವುದಿಲ್ಲ.

ಇನ್ನು ಅಳತೆ. ದುಂಡಗಿನ ಏಟು ಸುಮಾರು 25 ಮಿಲಿಮೀಟರ್ ಒಳಗಿದ್ದರೆ ಚೆನ್ನಾಗಿ ಆಗುತ್ತದೆ. ನಕ್ಷತ್ರದ ಹಾಗೆ ಕಾಲು ಚಾಚಿದ್ದಾದರೆ ಸ್ವಲ್ಪ ಕಷ್ಟ, ಆದರೂ ಆಗುತ್ತದೆ. ಉದ್ದದ ಬಿರುಕಿಗೆ 15 ಸೆಂಟಿಮೀಟರ್ ಅನ್ನುವುದು ಬಹಳ ಜನ ಇಟ್ಟುಕೊಂಡ ಗಡಿ. ಆದರೆ ನನ್ನ ಮಟ್ಟಿಗೆ ಉದ್ದಕ್ಕಿಂತ ಜಾಗ ಮುಖ್ಯ. ಬಿರುಕು ಗಾಜಿನ ಅಂಚು ಮುಟ್ಟಿದ್ದರೆ ಅದು ಬೆರಳುದ್ದ ಇದ್ದರೂ ಗಾಜು ಬದಲಿಸಿ ಅನ್ನುತ್ತೇನೆ. ಬಾಡಿಯ ತಿರುಚೆಲ್ಲ ಬಂದು ಬೀಳುವುದು ಅಂಚಿನ ಮೇಲೇ ಅಲ್ವಾ?

ಇನ್ನೊಂದು ಜಾಗ ಚಾಲಕನ ಕಣ್ಣಿನ ನೇರ. ರಿಪೇರಿ ಎಷ್ಟೇ ಚೆನ್ನಾಗಿ ಆದರೂ ಸಣ್ಣದೊಂದು ಕಲೆ ಉಳಿಯುತ್ತದೆ. ರಾತ್ರಿ ಎದುರು ಗಾಡಿಯ ಬೆಳಕು ಅದರ ಮೇಲೆ ಬಿದ್ದರೆ ಕಣ್ಣಿಗೆ ಚುಚ್ಚುತ್ತದೆ. ಬ್ರಿಟನ್ನಿನ ವಾರ್ಷಿಕ ವಾಹನ ತಪಾಸಣೆಯಲ್ಲಿ ಸ್ಟಿಯರಿಂಗ್ ನಡುವಿಗೆ ನೇರವಾಗಿ 290 ಮಿಲಿಮೀಟರ್ ಅಗಲದ ಪಟ್ಟಿಯಲ್ಲಿ 10 ಮಿಲಿಮೀಟರಿಗಿಂತ ದೊಡ್ಡ ಏಟು ಇರಬಾರದು. ವೈಪರ್ ಒರೆಸುವ ಮಿಕ್ಕ ಜಾಗದಲ್ಲಿ 40 ಮಿಲಿಮೀಟರ್ ತನಕ ಬಿಡುತ್ತಾರೆ. ನಿಮ್ಮಲ್ಲಿ ನಿಯಮ ಬೇರೆ ಇರಬಹುದು, ಅದನ್ನು ನೋಡಿಕೊಳ್ಳಿ. ಆದರೆ ಕಣ್ಣಿನ ನೇರಕ್ಕೆ ಬೇರೆ ಅಳತೆಗೋಲು ಇರಬೇಕು ಅನ್ನುವ ಮಾತು ಎಲ್ಲಿದ್ದರೂ ಸರಿಯೇ.

ರೆಸಿನ್ ಇಳಿಸುವುದು

ಸಣ್ಣ ಚಿಪ್ ಆದರೆ ಕಿಟ್ ತಂದು ನೀವೇ ಮಾಡಬಹುದು. ಕೈಗೆ ತಾಳ್ಮೆ ಬೇಕು, ಅಷ್ಟೇ. ವ್ಯಾನನ್ನು ನೆರಳಲ್ಲಿ ನಿಲ್ಲಿಸಿ. ಈ ರೆಸಿನ್ ಗಟ್ಟಿಯಾಗುವುದು ಯುವಿ, ಅಂದರೆ ನೇರಳಾತೀತ, ಬೆಳಕಿಗೆ. ಬಿಸಿಲಲ್ಲಿ ಕೆಲಸ ಮಾಡಿದರೆ ಬಿರುಕಿನ ಕಾಲುಗಳ ತುದಿ ಮುಟ್ಟುವ ಮೊದಲೇ ಅದು ಹೆಪ್ಪುಗಟ್ಟುತ್ತದೆ. ಗಾಜು ಮುಟ್ಟಿದರೆ ಕೈಗೆ ಹಿತವಾಗಿರಬೇಕು. ಸುಡುವ ಗಾಜಿನ ಮೇಲೆ ಒತ್ತಡ ಹಾಕಿದರೆ ಬಿರುಕು ಓಡುತ್ತದೆ. ತೀರಾ ತಣ್ಣಗಿದ್ದರೆ ರೆಸಿನ್ ಮಂದವಾಗಿ ಹರಿಯುವುದೇ ಇಲ್ಲ.

ಟೇಪ್ ಬಿಚ್ಚಿ, ಸೂಜಿಯಿಂದ ಸಡಿಲವಾದ ಗಾಜಿನ ಪುಡಿಯನ್ನು ಮಾತ್ರ ಎತ್ತಿ ತೆಗೆಯಿರಿ. ಅಗೆಯಬೇಡಿ. ಒಳಗೆ ತೇವ ಇದ್ದರೆ ಗಾಜಿನ ಒಳಬದಿಯಿಂದ ಹೇರ್ ಡ್ರೈಯರ್ ದೂರ ಹಿಡಿದು ಸಾವಕಾಶವಾಗಿ ಒಣಗಿಸಿ, ಮತ್ತೆ ತಣಿಯಲು ಬಿಡಿ. ಆಮೇಲೆ ಕಿಟ್‌ನ ಸ್ಟ್ಯಾಂಡನ್ನು ಹೀರುಬಟ್ಟಲಿನಿಂದ ಗಾಜಿಗೆ ಕಚ್ಚಿಸಿ, ಇಂಜೆಕ್ಟರ್ ಬಾಯಿ ಗುಳಿಯ ನಡುವಿಗೆ ಸರಿಯಾಗಿ ಕೂರುವಂತೆ ಹೊಂದಿಸಿ. ರೆಸಿನ್ ಬಿಟ್ಟು ಮೊದಲು ಗಾಳಿ ಎಳೆಯಿರಿ, ಆಮೇಲೆ ಒತ್ತಡ ಕೊಡಿ. ಮತ್ತೆ ಎಳೆಯಿರಿ, ಮತ್ತೆ ಒತ್ತಿ.

ಈಗ ಗಾಡಿಯೊಳಗೆ ಕೂತು ಕೆಳಗಿನಿಂದ ಓರೆಯಾಗಿ ನೋಡಿ. ಗಾಳಿ ತುಂಬಿದ ಕಾಲುಗಳು ಬೆಳ್ಳಿಯ ಹಾಗೆ ಮಿಂಚುತ್ತಿರುತ್ತವೆ, ಇನ್ನೊಂದು ಕೋನದಿಂದ ಕಪ್ಪಗೆ ಕಾಣುತ್ತವೆ. ರೆಸಿನ್ ಮುಂದೆ ಹೋದಂತೆ ಆ ಹೊಳಪು ನಡುವಿನಿಂದ ತುದಿಯ ಕಡೆಗೆ ಅಳಿಸುತ್ತಾ ಹೋಗುತ್ತದೆ. ಕೊನೆಗೆ ಒಂದೇ ಒಂದು ಕಾಲಿನ ತುದಿಯಲ್ಲಿ ಕೂದಲೆಳೆಯಷ್ಟು ಹೊಳಪು ಉಳಿಯುತ್ತದೆ. ಬಹಳ ಜನ ಇಲ್ಲಿಗೇ ಸಾಕು ಅಂತ ಲ್ಯಾಂಪ್ ಹಚ್ಚುತ್ತಾರೆ. ಹಾಗೆ ಮಾಡಬೇಡಿ. ಬಿರುಕು ಮತ್ತೆ ಶುರುವಾಗುವುದು ಅದೇ ತುದಿಯಿಂದ. ಒಳಗಿನಿಂದ ಆ ತುದಿಯ ಹತ್ತಿರ ಹೆಬ್ಬೆರಳಿಟ್ಟು ಹಗುರವಾಗಿ ಒತ್ತಿ ಬಿಡಿ, ಕಾಯಿರಿ, ಇನ್ನೊಂದು ಸುತ್ತು ಒತ್ತಡ ಕೊಡಿ. ಆ ಎಳೆಯೂ ಮಾಯವಾದಾಗ ನಂಗೆ ಇವತ್ತಿಗೂ ಖುಷಿಯಾಗುತ್ತದೆ.

ಇಂಜೆಕ್ಟರ್ ತೆಗೆದು, ಗುಳಿಯ ಮೇಲೆ ಮಂದ ರೆಸಿನ್ನಿನ ಒಂದು ಹನಿ ಬಿಟ್ಟು, ಮೇಲೆ ಕಿಟ್‌ನ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಯುವಿ ಲ್ಯಾಂಪ್ ಹಿಡಿಯಿರಿ. ಎಷ್ಟು ನಿಮಿಷ ಅಂತ ರೆಸಿನ್ ತಯಾರಿಸಿದವರೇ ಬರೆದಿರುತ್ತಾರೆ. ಲ್ಯಾಂಪ್ ಹೊರಗಿನಿಂದಲೇ ಹಿಡಿಯಬೇಕು. ಪಿವಿಬಿ ಹಾಳೆ ಯುವಿ ಬೆಳಕನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ, ಒಳಗಿನಿಂದ ಹಿಡಿದರೆ ಸುಮ್ನೆ ದಂಡ. ಗಟ್ಟಿಯಾದ ಮೇಲೆ ಬ್ಲೇಡನ್ನು ನೆಟ್ಟಗೆ ಹಿಡಿದು ಹೆಚ್ಚಿನ ರೆಸಿನ್ ಹೆರೆದು ಪಾಲಿಶ್ ಮಾಡಿ. ಕಲೆ ಮಸುಕಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಬಿರುಕು ಅಲ್ಲೇ ನಿಂತರೆ ರಿಪೇರಿ ಗೆದ್ದಂತೆ.

ಗಾಜು ಬದಲಿಸುವಾಗ

ಇದನ್ನು ಕೆಲಸ ಗೊತ್ತಿದ್ದವರ ಕೈಗೇ ಕೊಡಿ. ಆದರೆ ಪಕ್ಕದಲ್ಲಿ ನಿಂತು ನೋಡಿ, ಪ್ರಶ್ನೆ ಕೇಳಿ. ಅಚ್ಚುಕಟ್ಟಾಗಿ ಕೆಲಸ ಮಾಡುವವರು ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಮೊದಲು ಸರಿಯಾದ ಗಾಜು ತರಿಸಬೇಕು. ಒಂದೇ ಮಾಡೆಲ್ ವ್ಯಾನಿಗೆ ನಾಲ್ಕಾರು ಬಗೆಯ ಗಾಜು ಇರುತ್ತವೆ. ಒಂದಕ್ಕೆ ಮಳೆ ಸೆನ್ಸರ್ ಜಾಗ, ಒಂದಕ್ಕೆ ಕ್ಯಾಮೆರಾ ಬ್ರಾಕೆಟ್, ಇನ್ನೊಂದಕ್ಕೆ ಬಿಸಿಮಾಡುವ ತಂತಿ. ಚಾಸಿಸ್ ನಂಬರ್ ಕೊಡಿ, ಹಳೆ ಗಾಜಿನ ಮೂಲೆಯಲ್ಲಿರುವ ಮುದ್ರೆಯ ಫೋಟೋವನ್ನೂ ಕಳಿಸಿ. ಆ ಮುದ್ರೆಯಲ್ಲಿ ವೃತ್ತದೊಳಗೆ ‘ಇ’ (E) ಅಕ್ಷರ, ಪಕ್ಕದಲ್ಲಿ ‘43ಆರ್’ (43R) ಅಂತ ಇದ್ದರೆ ಅದು ವಿಶ್ವಸಂಸ್ಥೆಯ 43ನೇ ವಾಹನ ನಿಯಮದಂತೆ ಪಾಸಾದ ಗಾಜು. ಗಾಡಿ ಕಂಪನಿಯ ಹೆಸರು ಗಾಜಿನ ಮೇಲೆ ಇರಲೇಬೇಕು ಅಂತ ನಾನು ಹಟ ಹಿಡಿಯುವುದಿಲ್ಲ. ಆ ಮುದ್ರೆ ಇಲ್ಲದ ಗಾಜನ್ನು ಮಾತ್ರ, ಆ ನಿಯಮ ನಡೆಯುವ ಕಡೆ, ಮುಟ್ಟುವುದಿಲ್ಲ.

ವ್ಯಾನ್ ಖಾಲಿ ಮಾಡಿ ಕೊಡಿ. ಇದನ್ನು ಕೇಳಿದರೆ ಗಿರಾಕಿಗಳಿಗೆ ಕಿರಿಕಿರಿ ಆಗುತ್ತದೆ, ನಂಗೆ ಗೊತ್ತು. ಆದರೆ ಹಿಂದೆ ಒಂದು ಬದಿಗೆ ಭಾರ ಇದ್ದು, ಗಾಡಿ ಓರೆ ನೆಲದಲ್ಲಿ ನಿಂತಿದ್ದರೆ ಚೌಕಟ್ಟು ತನ್ನ ಸಹಜ ಆಕಾರದಲ್ಲಿ ಇರುವುದಿಲ್ಲ. ಆ ಸ್ಥಿತಿಯಲ್ಲಿ ಕೂರಿಸಿದ ಗಾಜು, ಭಾರ ಇಳಿಸಿದ ಕ್ಷಣದಿಂದಲೇ ಎಳೆತದಲ್ಲಿ ಇರುತ್ತದೆ. ಮೇಲೆ ಏಣಿ, ಪೈಪು ಇದ್ದರೆ ಅವನ್ನೂ ಇಳಿಸಿ.

ಹಳೆ ಗಾಜನ್ನು ತಂತಿ ಅಥವಾ ಚಾಕುವಿನಿಂದ ಅಂಟು ಕೊಯ್ದು ತೆಗೆಯುತ್ತಾರೆ. ನೀವು ನೋಡಬೇಕಾದ್ದು ಆಮೇಲೆ, ಖಾಲಿ ಚೌಕಟ್ಟನ್ನು. ಹಳೆ ಅಂಟನ್ನು ಪೂರ್ತಿ ಕೆರೆದು ಹಾಕಬಾರದು. 1ರಿಂದ 2 ಮಿಲಿಮೀಟರ್ ಎತ್ತರ ಉಳಿಸಿ ಸಮವಾಗಿ ಕೊಯ್ಯಬೇಕು. ಈ ಅಂಟಿನ ಹೆಸರು ಯುರೆಥೇನ್; ಆಗ ತಾನೇ ಕೊಯ್ದ ಹಳೆಯದರ ಮೇಲೆ ಹೊಸದು ಚೆನ್ನಾಗಿ ಹಿಡಿಯುತ್ತದೆ. ಚಾಕು ತಾಗಿ ಪೇಂಟ್ ಗೀಚಿದ್ದರೆ ಅಂಟಿಗೆ ಮೊದಲು ಬಳಿಯುವ ಪ್ರೈಮರ್ ಹಚ್ಚಬೇಕು. ಇಲ್ಲದಿದ್ದರೆ ಅಲ್ಲಿ ತುಕ್ಕು ಹುಟ್ಟಿ ಅಂಟನ್ನು ಕೆಳಗಿನಿಂದ ಎಬ್ಬಿಸುತ್ತದೆ. ಮೊದಲೇ ತುಕ್ಕು ಇದ್ದರೆ ಕೆಲಸ ಅಲ್ಲಿಗೆ ನಿಲ್ಲಿಸಿ, ತುಕ್ಕು ತೆಗೆಸಿ, ಪೇಂಟ್ ಒಣಗಿದ ಮೇಲೆ ಮುಂದುವರಿಯಬೇಕು. ತುಕ್ಕಿನ ಮೇಲೆ ಅಂಟು ಹಚ್ಚಿ ಮುಚ್ಚುವವರನ್ನು ಕಂಡರೆ ನಂಗೆ ಕೋಪ ಬರುತ್ತದೆ. ಯಾರಾದರೂ ಸಿಲಿಕೋನ್ ಟ್ಯೂಬ್ ತೆಗೆದರೆ ಅಲ್ಲೇ ತಡೆಯಿರಿ. ಅದಕ್ಕೆ ಗಾಜು ಹಿಡಿಯುವ ತಾಕತ್ತಿಲ್ಲ, ಒಮ್ಮೆ ಅದು ಮೆತ್ತಿದ ಜಾಗಕ್ಕೆ ಯುರೆಥೇನ್ ಕೂಡ ಅಂಟುವುದಿಲ್ಲ.

ಹೊಸ ಗಾಜಿನ ಅಂಚಿನ ಕಪ್ಪು ಪಟ್ಟಿ ಅಂದಕ್ಕೆ ಇರುವುದಲ್ಲ. ಬಿಸಿಲಿನ ಯುವಿಯಿಂದ ಅಂಟನ್ನು ಕಾಯುವುದು ಅದೇ. ಒರೆಸಿ, ಬೇಕಾದ ಕಡೆ ಪ್ರೈಮರ್ ಹಚ್ಚಿದ ಮೇಲೆ ಅದನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಸಾಕು, ಅಷ್ಟು ಜಾಗ ಅಂಟು ಕಚ್ಚುವುದಿಲ್ಲ. ಯುರೆಥೇನನ್ನು ತ್ರಿಕೋನ ಆಕಾರದಲ್ಲಿ, ಎಲ್ಲೂ ಕಡಿಯದಂತೆ ಸುತ್ತಲೂ ಎಳೆಯಬೇಕು. ಎಳೆದ ಮೇಲೆ ಫೋನ್ ಎತ್ತಲು ಹೋಗುವಂತಿಲ್ಲ. ಮೇಲೆ ಸಿಪ್ಪೆ ಕಟ್ಟುವುದರೊಳಗೆ ಇಬ್ಬರು ಹಿಡಿದು ಗಾಜು ಕೂರಿಸಿ ಆಗಿರಬೇಕು.

ಹೀಗೆ ಅಂಟಿನ ಬಗ್ಗೆಯೇ ಇಷ್ಟು ಯಾಕೆ ಹೇಳುತ್ತೇನೆ ಅಂದರೆ, ಗಾಜು ಇರುವುದು ಬರೀ ಗಾಳಿ ತಡೆಯಲು ಅಲ್ಲ. ಡಿಕ್ಕಿಯಾದಾಗ ಒಳಗಿನವರು ಹೊರಗೆ ಎಸೆದುಹೋಗದಂತೆ ತಡೆಯುವುದು ಅದು. ಬಹಳ ಗಾಡಿಗಳಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗ್ ಮೇಲಕ್ಕೆ ಚಿಮ್ಮಿ ಗಾಜಿಗೆ ಒರಗಿ ಕೂತವರ ಕಡೆ ತಿರುಗುತ್ತದೆ. ಅಂಟು ಹಸಿ ಇದ್ದರೆ ಏರ್‌ಬ್ಯಾಗೇ ಗಾಜನ್ನು ಹೊರಗೆ ತಳ್ಳುತ್ತದೆ. ಗುದ್ದಿದ ಮೇಲೆ ಗಾಜಿನ ಅಂಚು ಎಷ್ಟು ಭಾಗ ಚೌಕಟ್ಟಿನಲ್ಲೇ ಉಳಿಯಬೇಕು ಅಂತ ಅಮೆರಿಕದಲ್ಲಿ 212ನೇ ಸಂಖ್ಯೆಯ ಸುರಕ್ಷತಾ ನಿಯಮವೇ ಇದೆ.

ಹಾಗಾಗಿ ಕೆಲಸ ಮುಗಿದ ಕೂಡಲೇ ಕೇಳಬೇಕಾದ ಪ್ರಶ್ನೆ: ‘ಗಾಡಿ ಯಾವಾಗ ಓಡಿಸಬಹುದು?’ ಉತ್ತರ ಅಂಟಿನ ಕಂಪನಿ ಕೊಟ್ಟ ಪಟ್ಟಿಯಲ್ಲಿ ಇರುತ್ತದೆ. ಕೆಲವು ಅಂಟಿಗೆ ಅರ್ಧ ಗಂಟೆ, ಒಂದು ಗಂಟೆ ಸಾಕು. ಕೆಲವಕ್ಕೆ ಹಲವು ಗಂಟೆ. ಸಾಮಾನ್ಯ ಯುರೆಥೇನ್ ಗಾಳಿಯ ತೇವ ಹೀರಿಕೊಂಡು ಗಟ್ಟಿಯಾಗುತ್ತದೆ. ಒಣ ಹವೆ, ಚಳಿ ಇದ್ದರೆ ಹೊತ್ತು ಜಾಸ್ತಿ ಹಿಡಿಯುತ್ತದೆ. ಟ್ಯೂಬಿನ ಮೇಲಿನ ಅವಧಿ ಮುಗಿದಿಲ್ಲ ಅನ್ನುವುದನ್ನೂ ನೋಡಿಕೊಳ್ಳಿ. ಡೆಲಿವರಿ ತಡವಾಗುತ್ತದೆ, ಮಾಲೀಕರು ಫೋನ್ ಮೇಲೆ ಫೋನ್ ಮಾಡುತ್ತಾರೆ, ನಿಜ. ಆದರೂ ಈ ಹೊತ್ತಿನಲ್ಲಿ ಚೌಕಾಸಿ ಬೇಡ.

ಮನೆಗೆ ತಂದ ಮೇಲೆ, ಹೊಸ ಗಾಜು ಜರುಗದಂತೆ ಅಂಟಿಸಿದ ಟೇಪನ್ನು ಒಂದು ದಿನ ಕೀಳಬೇಡಿ, ಬಾಗಿಲಿನ ಗಾಜು ಒಂದು ಬೆರಳಷ್ಟು ಇಳಿಸಿಡಿ. ವ್ಯಾನಿನಲ್ಲಿ ಇದು ಕಾರಿಗಿಂತ ಮುಖ್ಯ. ಹಿಂದಿನ ಬಾಗಿಲು ಜೋರಾಗಿ ಹಾಕಿದರೆ ಇಡೀ ಸರಕಿನ ಜಾಗದ ಗಾಳಿ ಮುಂದಕ್ಕೆ ನುಗ್ಗಿ ಗಾಜನ್ನು ತಳ್ಳುತ್ತದೆ. ಚಾಲಕನ ಹಿಂದೆ ಪೂರ್ತಿ ಗೋಡೆ ಇರುವ ವ್ಯಾನಿನಲ್ಲಿ ಕ್ಯಾಬಿನ್ ಚಿಕ್ಕದು, ಅಲ್ಲಿ ಮುಂದಿನ ಬಾಗಿಲಿನ ಹೊಡೆತವೇ ಸಾಕು. ಒಂದೆರಡು ದಿನ ಪ್ರೆಶರ್ ವಾಶ್ ಬೇಡ. ಆಮೇಲೆ ಪೈಪಿನಿಂದ ಮೆಲ್ಲಗೆ ನೀರು ಬಿಟ್ಟು, ಇನ್ನೊಬ್ಬರನ್ನು ಒಳಗೆ ಕೂರಿಸಿ ಡ್ಯಾಶ್‌ಬೋರ್ಡಿನ ಮೂಲೆಗಳನ್ನು ಮುಟ್ಟಿ ನೋಡಿಸಿ.

ಕನ್ನಡಿಯ ಹಿಂದೆ ಕ್ಯಾಮೆರಾ ಇದ್ದರೆ ಕೆಲಸ ಇನ್ನೂ ಬಾಕಿ ಇದೆ. ತಾನಾಗಿ ಬ್ರೇಕ್ ಹಾಕುವುದು, ಲೇನ್ ತಪ್ಪಿದರೆ ಎಚ್ಚರಿಸುವುದು ಈ ಕ್ಯಾಮೆರಾದ ಕೆಲಸ. ಅದು ಹೊಸ ಗಾಜಿನ ಮೂಲಕ ನೋಡುವಾಗ ಕೋನ ಕೂದಲೆಳೆಯಷ್ಟು ಬದಲಾದರೂ ದೂರದಲ್ಲಿ ಅಳತೆ ಬಹಳ ತಪ್ಪುತ್ತದೆ. ಹಾಗಾಗಿ ಕ್ಯಾಲಿಬ್ರೇಶನ್, ಅಂದರೆ ಕ್ಯಾಮೆರಾದ ಅಳತೆ ಮತ್ತೆ ಹೊಂದಿಸುವುದು, ಆಗಲೇಬೇಕು. ಕೆಲವು ಗಾಡಿಗೆ ವರ್ಕ್‌ಶಾಪಿನಲ್ಲಿ ಗುರಿ ಬೋರ್ಡ್ ನಿಲ್ಲಿಸಿ ಮಾಡುತ್ತಾರೆ, ಕೆಲವಕ್ಕೆ ರಸ್ತೆಯಲ್ಲಿ ಓಡಿಸಿ, ಕೆಲವಕ್ಕೆ ಎರಡೂ. ಬೋರ್ಡ್ ಇಟ್ಟು ಮಾಡುವಾಗ ನೆಲ ಸಮ ಇರಬೇಕು, ಟೈರಿನ ಗಾಳಿ ಸರಿ ಇರಬೇಕು, ಹಿಂದೆ ಸರಕು ಇರಬಾರದು. ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪ ಉರಿಯುತ್ತಿಲ್ಲ ಅಂದಮಾತ್ರಕ್ಕೆ ಎಲ್ಲ ಸರಿ ಅಂತ ಅಲ್ಲ. ಮಾಡಿದ್ದಕ್ಕೆ ಯಂತ್ರದ ಪ್ರಿಂಟ್ ಕೇಳಿ ಪಡೆಯಿರಿ.

ವೈಪರ್ ಬ್ಲೇಡುಗಳನ್ನೂ ಅದೇ ದಿನ ಬದಲಿಸಿ. ಹಳೆ ರಬ್ಬರಿನಲ್ಲಿ ಒಡೆದ ಗಾಜಿನ ಪುಡಿ ಸಿಕ್ಕಿರುತ್ತದೆ. ಮೊದಲ ಮಳೆಗೇ ಅದು ಹೊಸ ಗಾಜಿನ ಮೇಲೆ ಗೆರೆ ಎಳೆಯುತ್ತದೆ.