ಸಾಯನ್ ಮಠದ ಹಾದಿ ಹಿಡಿದು

ಪಿಯುಸಿ ಮಕ್ಕಳಿಗೆ ಯುರೋಪಿನ ಧರ್ಮಸುಧಾರಣೆ ಪಾಠ ಮಾಡುವಾಗ ನಾನು ಬಹಳ ವರ್ಷ ಒಂದೇ ಕಡೆಯ ಕಥೆ ಹೇಳುತ್ತಿದ್ದೆ. ಧರ್ಮದ ಕಾರಣಕ್ಕೆ ಊರು ಬಿಟ್ಟವರು ಎಂದರೆ ಫ್ರಾನ್ಸಿನ ಪ್ರೊಟೆಸ್ಟಂಟರಾದ ಹ್ಯೂಗೆನಾಟರು. ಕ್ಯಾಥೊಲಿಕರೂ ಹಾಗೆ ಅಲೆದಿದ್ದಾರೆ ಎಂಬುದು ನನ್ನ ಟಿಪ್ಪಣಿಯಲ್ಲೇ ಇರಲಿಲ್ಲ. ಅದು ಮನಸ್ಸಿಗೆ ಚುಚ್ಚಿದ ಮೇಲೆ, ಒಂದು ಮಠವನ್ನಾದರೂ ಕೊನೆಯವರೆಗೆ ಹಿಂಬಾಲಿಸಿ ನೋಡೋಣ ಎಂದು ಹೊರಟೆ.

ಆರಿಸಿಕೊಂಡದ್ದು ಇಂಗ್ಲೆಂಡಿನ ಥೇಮ್ಸ್ ದಡದಲ್ಲಿದ್ದ, ಕ್ಯಾಥೊಲಿಕ್ ಧರ್ಮಭಗಿನಿಯರ ಸಾಯನ್ ಮಠವನ್ನು. ಐದನೇ ಹೆನ್ರಿ 1415ರಲ್ಲಿ ಸ್ಥಾಪಿಸಿದ್ದು. ಪೋಪನಿಂದ ಬೇರ್ಪಟ್ಟ ಎಂಟನೇ ಹೆನ್ರಿ 1539ರಲ್ಲಿ ಮುಚ್ಚಿಸಿದ, ಕ್ಯಾಥೊಲಿಕ್ ರಾಣಿ ಮೇರಿ 1557ರಲ್ಲಿ ತೆರೆಸಿದಳು, ಪ್ರೊಟೆಸ್ಟಂಟ್ ರಾಣಿ ಎಲಿಜಬೆತ್ ಬಂದ ಮೇಲೆ 1559ರಲ್ಲಿ ಧರ್ಮಭಗಿನಿಯರು ಸಮುದ್ರ ದಾಟಿದರು.

ಗೋಡೆಗೆ ನಕ್ಷೆ ಅಂಟಿಸಿ ಊರಿಗೊಂದು ಪಿನ್ ಚುಚ್ಚುತ್ತ ಹೋದೆ. ಮೊದಲ ತಪ್ಪು ಅಲ್ಲೇ ಆಯಿತು. ಅವರು ತಂಗಿದ್ದ, ಇಂದಿನ ಬೆಲ್ಜಿಯಂನ ಊರಿಗೆ ಮೆಖೆಲೆನ್, ಮಾಲಿನ್ ಎಂದು ಎರಡು ಪಿನ್ ಚುಚ್ಚಿದ್ದೆ. ಒಂದೇ ಊರು, ಡಚ್ಚಿನಲ್ಲಿ ಒಂದು ಹೆಸರು, ಫ್ರೆಂಚಿನಲ್ಲಿ ಇನ್ನೊಂದು. ಡೆಂಡರ್‌ಮಾಂಡೆ, ಟೆರ್ಮಾಂಡ್ ಕೂಡ ಹಾಗೆಯೇ. ಅಂದಿನಿಂದ ಪ್ರತಿ ಊರಿನ ಎಲ್ಲ ಹೆಸರುಗಳನ್ನೂ ಮೊದಲು ಬರೆದುಕೊಂಡೇ ಪಿನ್ ಮುಟ್ಟುತ್ತೇನೆ.

ನಿಜವಾಗಿ ಕಾಡಿದ್ದು ತಾರೀಖು. 1582ರಲ್ಲಿ ಪೋಪ್ ಹದಿಮೂರನೇ ಗ್ರೆಗರಿ ಕ್ಯಾಲೆಂಡರ್ ತಿದ್ದಿದರು. ಫ್ರಾನ್ಸ್ ಆ ವರ್ಷವೇ ಒಪ್ಪಿಕೊಂಡಿತು, ಇಂಗ್ಲೆಂಡ್ ಒಪ್ಪಿದ್ದು 1752ರಲ್ಲಿ. ಹಾಗಾಗಿ ನಾನು ನೋಡುತ್ತಿದ್ದ ಕಾಲದಲ್ಲಿ ಇಂಗ್ಲೆಂಡ್ ಹತ್ತು ದಿನ ಹಿಂದೆ. ಸಾಲದ್ದಕ್ಕೆ ಅಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ನನ್ನ ಪಟ್ಟಿಯಲ್ಲಿ ಸುದ್ದಿ, ಘಟನೆಗಿಂತ ಮೊದಲೇ ಲಂಡನ್ ತಲುಪಿತ್ತು! ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆದು, ಹಳೆಯ ಲೆಕ್ಕ ಒಂದರಲ್ಲಿ, ಹೊಸ ಲೆಕ್ಕ ಇನ್ನೊಂದರಲ್ಲಿ ಬರೆದ ಮೇಲೆ ಎಲ್ಲ ಸರಿಹೋಯಿತು.

ಆದರೂ ಅವರು ಯಾಕೆ ಹೀಗೆ ಅಂಕುಡೊಂಕಾಗಿ ಅಲೆದರು ಎಂಬುದು ಹೊಳೆಯಲಿಲ್ಲ. ಸೈನ್ಯಗಳ ದಾರಿಯನ್ನು ಕೆಂಪು ದಾರದಲ್ಲಿ ಗುರುತಿಸಿದಾಗ ಎದೆ ಧಸಕ್ಕೆಂದಿತು. 1580ರ ಏಪ್ರಿಲ್‌ನಲ್ಲಿ, ಭಗಿನಿಯರಿದ್ದ ಮೆಖೆಲೆನ್ ಊರನ್ನು ಸೂರೆ ಮಾಡಿದ ಪಡೆಯಲ್ಲಿ ಇಂಗ್ಲಿಷ್ ಸೈನಿಕರೇ ಇದ್ದರು. ಭಗಿನಿಯರು ಆ ವರ್ಷ ಫ್ರಾನ್ಸಿನ ರೂಆನ್ ಸೇರಿದರು. 1591ರಲ್ಲಿ, ಆಗ ಪ್ರೊಟೆಸ್ಟಂಟನಾಗಿದ್ದ ಫ್ರಾನ್ಸಿನ ರಾಜ ನಾಲ್ಕನೇ ಹೆನ್ರಿ ರೂಆನ್ ನಗರಕ್ಕೆ ಮುತ್ತಿಗೆ ಹಾಕಿದಾಗ ಅವನ ನೆರವಿಗೆ ಬಂದದ್ದು ಎಸೆಕ್ಸ್ ಅರ್ಲ್‌ನ ಇಂಗ್ಲಿಷ್ ಪಡೆ. ಬಿಟ್ಟುಬಂದ ನಾಡು ಬೆನ್ನು ಬಿಡಲೇ ಇಲ್ಲ. 1594ರಲ್ಲಿ ರೂಆನ್ ಹೆನ್ರಿಗೆ ಒಲಿಯಿತು, ಭಗಿನಿಯರು ಪೋರ್ಚುಗಲ್ಲಿನ ಲಿಸ್ಬನ್‌ಗೆ ಹಡಗು ಹತ್ತಿದರು.

ಮಠ ಇಂಗ್ಲೆಂಡಿಗೆ ಮರಳಿದ್ದು 1861ರಲ್ಲಿ. ಅಷ್ಟು ದೀರ್ಘ ಕಾಲ ಅದು ಉಳಿದದ್ದು, ಮಕ್ಕಳನ್ನು ವಿದೇಶಕ್ಕೆ ಕಳಿಸಬಾರದೆಂಬ ಕಾನೂನಿದ್ದಾಗಲೂ ಇಂಗ್ಲೆಂಡಿನಿಂದ ಹುಡುಗಿಯರು ಬಂದು ಸೇರುತ್ತಲೇ ಇದ್ದುದರಿಂದ. ಈಗ ಅವರ ಪಟ್ಟಿ ಹಿಡಿದು ಕೂತಿದ್ದೇನೆ. ಮನೆಯಲ್ಲಿ ಇಟ್ಟ ಹೆಸರು, ಮಠದಲ್ಲಿ ಪಡೆದ ಹೆಸರು: ಮತ್ತೆ ಎರಡು ಕಾಲಂ.