ಥಾಯ್ಲೆಂಡಿನ ಪುಟಾಣಿಗಳಿಗೆ ನಾನು ಇಂಗ್ಲಿಷ್ ಕಲಿಸಿದ ಬಗೆ

ಥಾಯ್ಲೆಂಡಿನ ಶಾಲೆಗಳು ಇಂಗ್ಲಿಷ್ ಶಿಕ್ಷಕರಿಗಾಗಿ ಕೊಡುವ ಜಾಹೀರಾತುಗಳಲ್ಲಿ ಅನೇಕವು 'ನೇಟಿವ್ ಸ್ಪೀಕರ್ ಬೇಕು', ಅಂದರೆ ಇಂಗ್ಲಿಷೇ ಮನೆಮಾತಾದವರು ಬೇಕು ಎಂದೇ ಶುರುವಾಗುತ್ತವೆ. ಬ್ರಿಟನ್, ಅಮೆರಿಕದವರಿಗೆ ಒಂದು ಸಂಬಳ, ಫಿಲಿಪ್ಪೀನ್ಸ್ ಮತ್ತು ಭಾರತದವರಿಗೆ ಇನ್ನೊಂದು. ಒಂದು ಶಾಲೆಯವರಂತೂ ಫೋನಿನಲ್ಲಿ ಒಪ್ಪಿದ ಸಂಬಳವನ್ನು ನನ್ನ ಪಾಸ್‌ಪೋರ್ಟ್ ನೋಡಿದ ಮೇಲೆ ಇಳಿಸಿದರು. ಆ ಸಿಟ್ಟು ಇನ್ನೂ ಪೂರ್ತಿ ಆರಿಲ್ಲ. ಆದರೆ ನಾಲ್ಕೈದು ವರ್ಷದ ಮಕ್ಕಳ ಮುಂದೆ ನಿಂತಾಗ, ಇಂಗ್ಲಿಷೇ ಮನೆಮಾತಾದವರಲ್ಲಿ ಇಲ್ಲದ ಒಂದು ಬಂಡವಾಳ ಉಡುಪಿ ಕಡೆಯ ನಮ್ಮಂಥವರಲ್ಲಿ ಇದೆ ಎಂಬುದು ಗೊತ್ತಾಯಿತು.

ನಮ್ಮ ಮನೆಯಲ್ಲಿ ತುಳು. ಕಾಪು ಹತ್ತಿರದ ಕನ್ನಡ ಶಾಲೆಗೆ ಸೇರುವಾಗ ನನಗೆ ಕನ್ನಡ ಅರ್ಥವಾಗುತ್ತಿದ್ದುದು ಅಷ್ಟಕ್ಕಷ್ಟೆ. ಪಕ್ಕದಲ್ಲಿ ಕೂರುತ್ತಿದ್ದವಳದು ಕೊಂಕಣಿ, ಅವಳಾಚೆಯವಳದು ಬ್ಯಾರಿ. ಯಾರಿಗೂ ಯಾರೂ ಅನುವಾದ ಮಾಡಿ ಹೇಳಲಿಲ್ಲ. 'ಸ್ಲೇಟು ತೆಗೆಯಿರಿ' ಎನ್ನುತ್ತಾ ಟೀಚರ್ ತಾವೇ ಒಂದು ಸ್ಲೇಟು ಎತ್ತಿ ಹಿಡಿಯುತ್ತಿದ್ದರು, ನಾವೂ ಎತ್ತುತ್ತಿದ್ದೆವು. ಮಳೆಗಾಲ ಮುಗಿಯುವಷ್ಟರಲ್ಲಿ ಎಲ್ಲರೂ ಕನ್ನಡದಲ್ಲೇ ಜಗಳವಾಡುತ್ತಿದ್ದೆವು. ಇಂಗ್ಲಿಷ್ ಶಿಕ್ಷಕರ ತರಬೇತಿಯಲ್ಲಿ ಇದಕ್ಕೊಂದು ಹೆಸರಿದೆ: ಟೋಟಲ್ ಫಿಸಿಕಲ್ ರೆಸ್ಪಾನ್ಸ್. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಆಶರ್ 1960ರ ದಶಕದಲ್ಲಿ ರೂಪಿಸಿದ ಕ್ರಮ. ಹೇಳಿದ್ದನ್ನು ಮಗು ಕೇಳಬೇಕು, ಮೈಯಲ್ಲಿ ಮಾಡಿ ತೋರಿಸಬೇಕು, ಮಾತು ತಾನಾಗಿ ಬರುವವರೆಗೆ ಟೀಚರ್ ಕಾಯಬೇಕು. ಅದನ್ನು ಓದುವಾಗ ನನಗೆ ಹೊಸದೇನೂ ಕಾಣಲಿಲ್ಲ.

ನಾನು ಕಲಿಸಿದ್ದು 'ಅನುಬಾನ್'ನಲ್ಲಿ, ಅಂದರೆ ಮೂರರಿಂದ ಆರು ವರ್ಷದವರ ಶಿಶುವಿಹಾರದಲ್ಲಿ. ಬೆಳಿಗ್ಗೆ ಎಂಟಕ್ಕೆ ಧ್ವಜ, ರಾಷ್ಟ್ರಗೀತೆ. ಊಟವಾದ ಮೇಲೆ ಮಕ್ಕಳೆಲ್ಲ ಸಾಲಾಗಿ ಮಲಗಿ ನಿದ್ದೆ ಹೊಡೆಯುತ್ತಾರೆ. ಪಾಠವೇನಿದ್ದರೂ ಅರ್ಧರ್ಧ ಗಂಟೆಯ ತುಂಡುಗಳಲ್ಲಿ ನಡೆಯಬೇಕು. ತರಗತಿಯಲ್ಲಿ ಜೊತೆಗೊಬ್ಬರು ಥಾಯ್ ಟೀಚರ್ ಇರುತ್ತಿದ್ದರು. ನಾನು 'ಸ್ಟ್ಯಾಂಡ್ ಅಪ್' ಎಂದ ಮರುಕ್ಷಣವೇ ಅವರು ಅದನ್ನು ಥಾಯ್ ಭಾಷೆಯಲ್ಲಿ ಹೇಳಿಬಿಡುವರು. ಮಕ್ಕಳೂ ಜಾಣರು, ಅದಕ್ಕೇ ಕಾಯುವರು. ನನ್ನ ಇಂಗ್ಲಿಷ್ ಗಾಳಿಗೆ. ಕೊನೆಗೆ ಅವರಲ್ಲಿ ಕೇಳಿಕೊಂಡೆ: ಮಗು ಅತ್ತರೆ, ಬಿದ್ದರೆ, ಶೌಚಕ್ಕೆ ಹೋಗಬೇಕೆಂದರೆ ಥಾಯ್ ಇರಲಿ. ಉಳಿದ ಹೊತ್ತು ನೀವೂ ಮಕ್ಕಳ ಜೊತೆ ಸೇರಿ ನಾನು ಹೇಳಿದ್ದನ್ನು ಮಾಡಿ. ಪಾಪ, ಒಪ್ಪಿದರು. ತಮ್ಮ ಟೀಚರೇ ನೆಲದ ಮೇಲೆ ಕಪ್ಪೆಯಾಗಿ ಕುಪ್ಪಳಿಸುವಾಗ ಯಾವ ಮಗುವಿಗೆ ಅನುವಾದ ಬೇಕು?

ವಾರಕ್ಕೆ ಐದಾರು ಪದ ಸಾಕು. ಅದಕ್ಕಿಂತ ಹೆಚ್ಚು ತುರುಕಬಾರದು. ಚಿತ್ರದ ಕಾರ್ಡುಗಳಿಗಿಂತ ನಿಜವಾದ ಬಾಳೆಹಣ್ಣು, ನಿಜವಾದ ಕೊಡೆ ಒಳ್ಳೆಯದು. ಒಂದು ಬಟ್ಟೆಚೀಲದೊಳಗೆ ಎಲ್ಲವನ್ನೂ ಹಾಕಿ, ಕೈ ತೂರಿಸಿ ಮುಟ್ಟಿಯೇ ಹೆಸರು ಹೇಳುವ ಆಟ ಎಷ್ಟು ಸಲ ಆಡಿಸಿದರೂ ಹಳಸಲಿಲ್ಲ. ತಿಂಗಳುಗಟ್ಟಲೆ ಬಾಯಿ ಬಿಡದ ಮಕ್ಕಳೂ ಇರುತ್ತಾರೆ. ಅವರನ್ನು ಎಬ್ಬಿಸಿ ನಿಲ್ಲಿಸಿ 'ಹೇಳು, ಹೇಳು' ಎಂದು ಪೀಡಿಸಬಾರದು. ಕೊಡೆ ತಾ ಎಂದಾಗ ಕೊಡೆಯನ್ನೇ ತಂದರೆ ಅದೇ ಉತ್ತರ.

ಉಚ್ಚಾರದ ಕಷ್ಟ ಬೇರೆಯೇ. ಪದದ ಕೊನೆಯ 'ಲ್' ಥಾಯ್ ಬಾಯಲ್ಲಿ 'ನ್' ಆಗುತ್ತದೆ, ಬಾಲ್ 'ಬೋನ್' ಎಂದು ಕೇಳಿಸುತ್ತದೆ. ಕೊನೆಯ ಪ್, ಟ್, ಕ್‌ಗಳು ಬಾಯೊಳಗೇ ನಿಂತುಬಿಡುತ್ತವೆ. ನಾವು ಇದಕ್ಕೆ ತದ್ವಿರುದ್ಧ: ಬಸ್ಸು, ಬುಕ್ಕು, ಬಾಲು ಎಂದು ಕೊನೆಗೊಂದು ಉಕಾರ ಅಂಟಿಸದಿದ್ದರೆ ನಮಗೆ ಸಮಾಧಾನವಿಲ್ಲ. ಹಾಗಾಗಿ ನನ್ನ ನಾಲಿಗೆಯನ್ನೂ ತಿದ್ದಿಕೊಳ್ಳಬೇಕಾಯಿತು. ಟಿಶ್ಯೂ ಕಾಗದದ ಸಣ್ಣ ಪಟ್ಟಿಯನ್ನು ತುಟಿಯ ಮುಂದೆ ಇಳಿಬಿಟ್ಟು 'ಅಪ್' ಎನ್ನಿಸುತ್ತಿದ್ದೆ. ಕೊನೆಯ 'ಪ್' ಹೊರಬಿದ್ದರೆ ಪಟ್ಟಿ ಹಾರುತ್ತದೆ, ಇಲ್ಲದಿದ್ದರೆ ಅಲುಗುವುದಿಲ್ಲ. ಇದಕ್ಕೆ 'ಅಪ್', 'ಮ್ಯಾಪ್' ಥರದ ಪದಗಳೇ ಆಗಬೇಕು. 'ಕಪ್' ಎಂದರೆ ಮೊದಲ ಅಕ್ಷರಕ್ಕೇ ಕಾಗದ ಹಾರಿ ಆಟ ಕೆಡುತ್ತದೆ. ವಿವರಣೆಯ ಒಂದು ಮಾತೂ ಬೇಡ. ಮಗು ತಾನೇ ಹಾರಿಸಿ ಹಾರಿಸಿ ಕಲಿಯುತ್ತದೆ.

ಮಕ್ಕಳ ತಲೆ ಸವರುವ ನಮ್ಮ ಅಭ್ಯಾಸವನ್ನು ಅಲ್ಲಿ ಬಿಡಬೇಕು, ತಲೆ ಮುಟ್ಟುವುದು ಅವರಿಗೆ ಹಿಡಿಸುವುದಿಲ್ಲ. ಕಾಲಿನಿಂದ ಏನನ್ನೂ ತೋರಿಸಬಾರದು. ಶಾಲೆ ಶುರುವಾದ ಸ್ವಲ್ಪ ದಿನಕ್ಕೆ, ಸಾಮಾನ್ಯವಾಗಿ ಜೂನ್ ತಿಂಗಳ ಒಂದು ಗುರುವಾರ, 'ವಾಯ್ ಖ್ರೂ' ಎಂಬ ಗುರುವಂದನೆ ಇರುತ್ತದೆ. ಮಕ್ಕಳು ತರುವ ಹೂತಟ್ಟೆಯಲ್ಲಿ ಇರುವುದೇನು ಗೊತ್ತೇ? ನಮ್ಮ ಗುಡ್ಡದ ಕೇಪುಳ ಹೂವಿನ ಜಾತಿಯದೇ ಹೂ, ಜೊತೆಗೆ ಗಣಪತಿಗೆ ಏರಿಸುವ ಅದೇ ಗರಿಕೆ.

ಹೋಗಬೇಕೆಂದಿರುವವರಿಗೆ ಕಾಗದಪತ್ರದ ಮಾತು. ಪದವಿ ಪ್ರಮಾಣಪತ್ರ, 120 ಗಂಟೆಯ ಟೆಫ್ಲ್ (ಇಂಗ್ಲಿಷನ್ನು ವಿದೇಶಿ ಭಾಷೆಯಾಗಿ ಕಲಿಸುವ) ತರಬೇತಿ, ಪೊಲೀಸ್ ಕ್ಲಿಯರೆನ್ಸ್, ಜೊತೆಗೆ ನಮ್ಮಂಥವರಿಂದ ಟೋಯಿಕ್ ಅಥವಾ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕ ಕೇಳುತ್ತಾರೆ. ಕೆಲಸಕ್ಕೆ ಬೇಕಾದದ್ದು ನಾನ್-ಬಿ ವೀಸಾ ಮತ್ತು ವರ್ಕ್ ಪರ್ಮಿಟ್. 'ಪ್ರವಾಸಿ ವೀಸಾದಲ್ಲಿ ಹೋಗಿ ಕೆಲಸ ಶುರುಮಾಡಿ, ಉಳಿದದ್ದು ಆಮೇಲೆ' ಎನ್ನುವ ಏಜೆಂಟರ ಮಾತಿಗೆ ಕಿವಿಗೊಡಬೇಡಿ, ಅದು ಕಾನೂನುಬಾಹಿರ. ಶಾಲಾ ವರ್ಷ ಮೇ ತಿಂಗಳ ನಡುವೆ ಆರಂಭವಾಗುವುದರಿಂದ ಫೆಬ್ರುವರಿ, ಮಾರ್ಚ್‌ನಲ್ಲೇ ಅರ್ಜಿ ಹಾಕುವುದು ಒಳ್ಳೆಯದು.

ಈಗ ಉಡುಪಿಯಲ್ಲಿ ನೆರೆಹೊರೆಯ ಮಕ್ಕಳಿಗೆ ಇದೇ ಕ್ರಮದಲ್ಲಿ ಕಲಿಸುತ್ತೇನೆ. ಇಲ್ಲಿ ಮೂರೂವರೆ ವರ್ಷದ ಮಗುವಿನ ಕೈಗೂ ಪೆನ್ಸಿಲ್ ಕೊಟ್ಟು ಎಬಿಸಿಡಿ ತಿದ್ದಿಸುವ ಆತುರ. ಕಿವಿಗೆ ಬೀಳದ ಭಾಷೆಯನ್ನು ಬೆರಳಿಗೆ ಕಟ್ಟಿದರೆ ಏನು ಬಂತು? ತಾಯಂದಿರು ಪುಸ್ತಕ ತಿರುವಿ, "ಟೀಚರ್, ಏನೂ ಬರೆಸಿಯೇ ಇಲ್ಲವಲ್ಲ" ಎನ್ನುತ್ತಾರೆ. "ಮನೆಗೆ ಹೋಗಿ 'ಬ್ರಿಂಗ್ ಮಿ ಎ ಸ್ಪೂನ್' ಎಂದು ಹೇಳಿ ನೋಡಿ ಅಮ್ಮ, ಕೈಸನ್ನೆ ಮಾಡಬೇಡಿ" ಎನ್ನುತ್ತೇನೆ. ಸೌಟು ತಂದರೂ ಬೈಯಬೇಡಿ ಎಂದೂ ಸೇರಿಸುತ್ತೇನೆ.