ಗುಡುಗು ಬಂದರೆ ಮೋಡೆಮ್ ಪ್ಲಗ್ ತೆಗೆಯುವ ಊರಲ್ಲಿ ಫೈಲ್ ಕಳಿಸುವುದು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ಉಪನಯನ, ಬ್ರಹ್ಮಕಲಶ ಎಲ್ಲ ಮಾಡುತ್ತೇವೆ. ದೀಪಾವಳಿ ಕಳೆದರೆ ಮೇ ಕೊನೆಯ ಪತ್ತನಾಜೆವರೆಗೆ ಯಕ್ಷಗಾನದ ರೆಕಾರ್ಡಿಂಗ್ ಬೇರೆ. ಶೂಟಿಂಗ್ ನಮ್ಮದು, ಎಡಿಟಿಂಗ್ ಪುತ್ತೂರಲ್ಲಿ, ಆಲ್ಬಂ ಪ್ರಿಂಟ್ ಮಂಗಳೂರಲ್ಲಿ. ಮೊದಲು ಹಾರ್ಡ್ ಡಿಸ್ಕನ್ನು ಕವರಿಗೆ ಹಾಕಿ ಬಸ್ ಕಂಡಕ್ಟರ ಕೈಯಲ್ಲಿ ಕೊಟ್ಟರೆ ಆಯಿತು. ಈಗ ಎರಡೂ ಕಡೆಯವರು ತಮ್ಮ ಸರ್ವರಿನಲ್ಲಿ ನನಗೊಂದು ಖಾತೆ ಮಾಡಿಕೊಟ್ಟಿದ್ದಾರೆ. ಯಾವ ಸಾಫ್ಟ್‌ವೇರಿನಲ್ಲಿ ಕಳಿಸಬೇಕು ಎಂಬುದು ಮಾತ್ರ ನನ್ನ ತಲೆನೋವು.

"ವಾಟ್ಸಾಪ್ ಉಂಟಲ್ಲ, ಡ್ರೈವ್ ಉಂಟಲ್ಲ" ಎನ್ನುವವರಿದ್ದಾರೆ. ವಾಟ್ಸಾಪಿನಲ್ಲಿ ಒಂದು ಫೈಲಿಗೆ 2 ಜಿಬಿ ಮಿತಿ. ಗೂಗಲ್ ಡ್ರೈವಿನಲ್ಲಿ ಪುಕ್ಕಟೆ ಸಿಗುವುದು 15 ಜಿಬಿ, ಅದೂ ಜಿಮೇಲ್ ಎಲ್ಲ ಸೇರಿ. ಮೂರು ಕ್ಯಾಮೆರಾ ಇಟ್ಟರೆ ಒಂದು ರಾತ್ರಿಯ ಯಕ್ಷಗಾನದ ಆಟವೇ 40 ಜಿಬಿ ದಾಟುತ್ತದೆ.

ಆ 40 ಜಿಬಿಯ ಲೆಕ್ಕ ನೋಡಿ. ನನ್ನ ಪ್ಲಾನಿನಲ್ಲಿ ಅಪ್‌ಲೋಡ್ 20 ಎಂಬಿಪಿಎಸ್. ಅದು ಬಿಟ್ಟಿನ ಲೆಕ್ಕ. ಎಂಟು ಬಿಟ್ಟಿಗೆ ಒಂದು ಬೈಟ್, ಹಾಗಾಗಿ ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 2.5 ಎಂಬಿ. ಅಂದರೆ ಎಲ್ಲ ಸರಿ ಇದ್ದರೂ ಸುಮಾರು ನಾಲ್ಕೂವರೆ ಗಂಟೆ. ಏಪ್ರಿಲ್, ಮೇಯಲ್ಲಿ ನಮ್ಮ ಕಡೆ ಸಂಜೆ ಹೊತ್ತು ಸತತ ನಾಲ್ಕೂವರೆ ಗಂಟೆ ಕಾಲ ಎಲ್ಲ ಸರಿ ಇರುವುದುಂಟಾ? ದೂರದಲ್ಲಿ ಗುಡುಗು ಕೇಳಿದ ಕೂಡಲೇ ಮೋಡೆಮ್ಮಿನ ಪ್ಲಗ್ ಎಳೆಯುತ್ತೇವೆ. ಎಳೆಯದಿದ್ದರೆ ಮೋಡೆಮ್ ಹೊಸದು ತರಬೇಕಾಗುತ್ತದೆ. ನೆಟ್ ತಾನಾಗಿ ಕಡಿಯುವುದಕ್ಕಿಂತ ನಾವೇ ಕಡಿಯುವುದು ಜಾಸ್ತಿ.

ಹಾಗಾಗಿ ನಾನು ನೋಡಿದ್ದು ಒಂದೇ: ಅರ್ಧಕ್ಕೆ ನಿಂತದ್ದನ್ನು ಈ ಸಾಫ್ಟ್‌ವೇರ್ ಹೇಗೆ ಮುಂದುವರಿಸುತ್ತದೆ? ಒಳ್ಳೆಯ ನೆಟ್ಟಿನಲ್ಲಿ ಎಲ್ಲವೂ ಒಳ್ಳೆಯವೇ. ಪರೀಕ್ಷೆಯೂ ಸುಲಭ. ದೊಡ್ಡ ವಿಡಿಯೋ ಒಂದನ್ನು ಕಳಿಸಲು ಶುರು ಮಾಡುವುದು, ಅರ್ಧ ಆದಾಗ ಪ್ಲಗ್ ತೆಗೆಯುವುದು, ಮತ್ತೆ ಹಾಕಿ ಏನಾಗುತ್ತದೆ ನೋಡುವುದು.

ಮೊದಲು ಫೈಲ್‌ಝಿಲ್ಲಾ. ಇದು 2001ರಿಂದ ಇದೆ, ಪುಕ್ಕಟೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಎಡಗಡೆ ನಮ್ಮ ಕಂಪ್ಯೂಟರ್, ಬಲಗಡೆ ಸರ್ವರ್. ಎಳೆದು ಹಾಕಿದರೆ ಸಾಲಿನಲ್ಲಿ ನಿಲ್ಲುತ್ತದೆ. ನೆಟ್ ಹೋದಾಗ ಬಾಕಿಯಾದ ಫೈಲುಗಳು ಕೆಳಗೆ 'ಫೇಲ್ಡ್' ಪಟ್ಟಿಗೆ ಹೋಗುತ್ತವೆ. ಅಲ್ಲಿಂದ ಮತ್ತೆ ಸಾಲಿಗೆ ಸೇರಿಸಬಹುದು. ಅದೇ ಹೆಸರಿನ ಫೈಲ್ ಅಲ್ಲಿ ಇದೆ, ಏನು ಮಾಡಲಿ ಎಂದು ಕೇಳುತ್ತದೆ. 'ರೆಸ್ಯೂಮ್' ಒತ್ತಬೇಕು, 'ಓವರ್‌ರೈಟ್' ಅಲ್ಲ. ಓವರ್‌ರೈಟ್ ಒತ್ತಿದರೆ ಮೊದಲಿನಿಂದ ಶುರು, ಗಂಟೆಗಟ್ಟಲೆ ಹೋದದ್ದು ದಂಡ.

ಇಲ್ಲೊಂದು ತೊಡಕು ಕಂಡಿತು. ಅರ್ಧ ಹೋದ ಫೈಲಿಗೂ ಸರ್ವರಿನಲ್ಲಿ ಪೂರ್ತಿ ಹೆಸರೇ ಇರುತ್ತದೆ. ಆಚೆ ಎಡಿಟಿಂಗಿಗೆ ಕೂತ ಹುಡುಗನಿಗೆ ಅದು ಅರ್ಧ ಎಂದು ಹೇಗೆ ಗೊತ್ತಾಗಬೇಕು? "ಅಣ್ಣಾ, ನಿಮ್ಮ ಫೈಲು ಓಪನ್ ಆಗುದಿಲ್ಲ ಮಾರ್ರೆ" ಎಂದು ಫೋನ್ ಬಂತು. ಇನ್ನೂ ಹೋಗ್ತಾ ಇದೆ ಮಾರಾಯ ಎಂದೆ.

ಎರಡನೆಯದು ವಿನ್‌ಎಸ್‌ಸಿಪಿ, ಅದು ಇಲ್ಲಿ ಗೆದ್ದಿತು. ಎಸ್‌ಎಫ್‌ಟಿಪಿಯಲ್ಲಿ (ಸರ್ವರಿಗೆ ಫೈಲನ್ನು ಭದ್ರವಾಗಿ ಕಳಿಸುವ ವಿಧಾನ) 100 ಕೆಬಿಗಿಂತ ದೊಡ್ಡ ಫೈಲಾದರೆ ಅದು ಹೆಸರಿನ ಕೊನೆಗೆ 'ಫೈಲ್‌ಪಾರ್ಟ್' ಎಂದು ಸೇರಿಸಿ ಕಳಿಸುತ್ತದೆ. ಪೂರ್ತಿ ತಲುಪಿದ ಮೇಲೆಯೇ ನಿಜವಾದ ಹೆಸರು. ನಾವು ಏನೂ ಸೆಟ್ಟಿಂಗ್ ಮಾಡಬೇಕಾಗಿಲ್ಲ. ಆಚೆಯವರಿಗೆ "ಫೈಲ್‌ಪಾರ್ಟ್ ಅಂತ ಕಂಡರೆ ಮುಟ್ಟಬೇಡಿ" ಎಂದು ಒಮ್ಮೆ ಹೇಳಿದರೆ ಸಾಕು. ನೆಟ್ ಸ್ವಲ್ಪ ಹೊತ್ತು ಹೋಗಿ ಬಂದರೆ ತಾನೇ ಮತ್ತೆ ಕನೆಕ್ಟ್ ಆಗಿ ಮುಂದುವರಿಸುತ್ತದೆ. ಗುಡುಗು ತುಂಬ ಹೊತ್ತು ಇದ್ದರೆ ಆಮೇಲೆ ಫೈಲನ್ನು ಮತ್ತೊಮ್ಮೆ ಎಳೆದು ಹಾಕುವುದು. ಅರ್ಧ ಹೋದದ್ದು ಇದೆ, ಮುಂದುವರಿಸಲಾ ಎಂದು ಕೇಳುತ್ತದೆ. ಒಂದೇ ಕೊರತೆ, ಇದು ವಿಂಡೋಸಿಗೆ ಮಾತ್ರ.

ಸೈಬರ್‌ಡಕ್ ಕೂಡ ಹಾಕಿ ನೋಡಿದೆ. ಮ್ಯಾಕ್ ಇರುವವರಿಗೆ ಚೆನ್ನ, ಕ್ಲೌಡ್ ಖಾತೆಗಳನ್ನೂ ತೆರೆಯುತ್ತದೆ. ನನಗೆ ಎರಡು ಕಡೆಯ ಫೋಲ್ಡರ್ ಪಕ್ಕಪಕ್ಕ ಕಾಣದಿದ್ದರೆ ಕೈ ಓಡುವುದಿಲ್ಲ, ಬಿಟ್ಟೆ.

ಇನ್ನು ಕನ್ನಡದ ಹೆಸರುಗಳು. ನಮ್ಮೂರಲ್ಲಿ ಫೈಲಿನ ಹೆಸರೂ ಆಮಂತ್ರಣ ಪತ್ರಿಕೆಯ ಹಾಗೆ. ಶ್ರೀ ಕ್ಷೇತ್ರದಿಂದ ಹಿಡಿದು ಎರಡನೇ ದಿನದ ರಾತ್ರಿಯ ಪ್ರಸಂಗದವರೆಗೆ ಎಲ್ಲ ಅದರಲ್ಲೇ ಬರಬೇಕು. ವಿಂಡೋಸಿನಲ್ಲಿ ಅದು ಸೇವ್ ಆಗುತ್ತದೆ, ಲಿನಕ್ಸ್ ಸರ್ವರಿಗೆ ಹೋಗುವುದಿಲ್ಲ. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಒಂದು ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಯೂನಿಕೋಡ್ ಕನ್ನಡದಲ್ಲಿ ವ್ಯಂಜನ, ಒತ್ತು, ಗುಣಿತ ಪ್ರತಿಯೊಂದಕ್ಕೂ ಮೂರು ಮೂರು ಬೈಟ್. 'ಶ್ರೀ' ಒಂದಕ್ಕೇ 12 ಹೋಯಿತು! ವಿನ್‌ಎಸ್‌ಸಿಪಿಯ ಫೈಲ್‌ಪಾರ್ಟ್ ಬಾಲಕ್ಕೆ ಇನ್ನೂ 9. ಈಗ ಹೆಸರು ಗಿಡ್ಡ ಇಡುತ್ತೇವೆ: ಊರು, ತಾರೀಕು, ಕ್ಯಾಮೆರಾ ನಂಬರ್, ಅಷ್ಟೇ. ಹಳೆಯ ನುಡಿ ಫಾಂಟಿನಲ್ಲಿ ಹೆಸರು ಟೈಪ್ ಮಾಡಿದ್ದರೆ ಮಾತ್ರ ಯಾವ ಸಾಫ್ಟ್‌ವೇರೂ ಏನೂ ಮಾಡಲಾಗದು, ಅಲ್ಲಿ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರಗಳೇ ಕಾಣುತ್ತವೆ.

ಭದ್ರತೆಯ ಮಾತು. ಸರ್ವರಿಗೆ ಫೈಲ್ ಕಳಿಸುವ ಹಳೆಯ ವಿಧಾನ ಎಫ್‌ಟಿಪಿಯ ಮೊದಲ ಕರಡು ಬರೆದವರು ನಮ್ಮವರೇ, ಕಾನ್ಪುರ ಐಐಟಿಯ ಮೊದಲ ಬ್ಯಾಚಿನ ಅಭಯ್ ಭೂಷಣ್. 1971ರಲ್ಲಿ, ಅಮೆರಿಕದ ಎಂಐಟಿಯಲ್ಲಿದ್ದಾಗ. ಹಳೇ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಮುಚ್ಚುಮರೆ ಇಲ್ಲದೆ ಹೋಗುತ್ತದೆ. 2021ರಲ್ಲಿ ಕ್ರೋಮ್, ಫೈರ್‌ಫಾಕ್ಸ್ ಎರಡೂ ಅದನ್ನು ಕೈಬಿಟ್ಟವು. ಸರ್ವರಿನವರು ಎಸ್‌ಎಫ್‌ಟಿಪಿ ಕೊಡದಿದ್ದರೆ ಕೇಳಿ ಪಡೆಯಿರಿ, ಕನೆಕ್ಟ್ ಮಾಡುವಾಗ ಕೊಡುವ ಪೋರ್ಟ್ ನಂಬರ್ ಸಾಮಾನ್ಯವಾಗಿ 22. ಮೊದಲ ಸಲ ಕನೆಕ್ಟ್ ಆಗುವಾಗ ಸರ್ವರಿನ ಗುರುತಾದ ಉದ್ದದ ಫಿಂಗರ್‌ಪ್ರಿಂಟ್ ತೋರಿಸಿ ನಂಬಲಾ ಎಂದು ಕೇಳುತ್ತದೆ. ಸುಮ್ನೆ 'ಓಕೆ' ಒತ್ತಬೇಡಿ, ಸರ್ವರಿನವರನ್ನು ಫೋನಿನಲ್ಲಿ ಕೇಳಿ ತಾಳೆ ನೋಡಿ.

ನನ್ನ ಅಂಗಡಿಯಲ್ಲಿ ಕಾಲೇಜು ಮುಗಿಸಿ ಬರುವ ಮಕ್ಕಳೂ ಕೂರುತ್ತಾರೆ. ಫೈಲ್‌ಝಿಲ್ಲಾ ಸೇವ್ ಮಾಡಿದ ಪಾಸ್‌ವರ್ಡನ್ನು ಎಲ್ಲಕ್ಕೂ ಬೀಗದ ಹಾಗಿರುವ ಮಾಸ್ಟರ್ ಪಾಸ್‌ವರ್ಡ್ ಹಾಕದಿದ್ದರೆ ಯಾರು ಬೇಕಾದರೂ ತೆಗೆಯಬಹುದು. ಆ ಸೌಲಭ್ಯ 2017ರಿಂದ ಇದೆ, ನಾವಾಗಿ ಆನ್ ಮಾಡಬೇಕು. ವಿನ್‌ಎಸ್‌ಸಿಪಿಯಲ್ಲೂ ಇದೆ.

ಕೊನೆಗೆ ಕೌಂಟರಿನ ವಿಂಡೋಸ್ ಕಂಪ್ಯೂಟರಿಗೆ ವಿನ್‌ಎಸ್‌ಸಿಪಿ, ಒಳಗಿನ ಉಬುಂಟು ಲಿನಕ್ಸ್ ಕಂಪ್ಯೂಟರಿಗೆ ಫೈಲ್‌ಝಿಲ್ಲಾ ಇಟ್ಟುಕೊಂಡೆ. ಕೇರಳದ ಶಾಲೆಯಲ್ಲಿ ಕಲಿತ ಮಕ್ಕಳಿಗೆ ಲಿನಕ್ಸ್ ಹೊಸತಲ್ಲ, ಅವರೇ ಅದನ್ನು ನೋಡಿಕೊಳ್ಳುತ್ತಾರೆ. ಫೈಲ್‌ಝಿಲ್ಲಾ ಒಮ್ಮೆಗೆ ಎರಡು ಫೈಲ್ ಕಳಿಸುತ್ತದೆ. ಆಲ್ಬಮ್ಮಿನ ನೂರಾರು ಫೋಟೋ ಇದ್ದರೆ ನಾಲ್ಕಕ್ಕೆ ಏರಿಸುತ್ತೇವೆ, ವಿಡಿಯೋ ಇದ್ದರೆ ಒಂದಕ್ಕೆ ಇಳಿಸುತ್ತೇವೆ. ಒಂದೊಂದೇ ಪೂರ್ತಿಯಾದರೆ ಗುಡುಗು ಬಂದಾಗ ಅರ್ಧ ಉಳಿಯುವುದು ಒಂದೇ ಫೈಲ್.

ಮುಂದುವರಿಸಿ ಕಳಿಸಿದ ದೊಡ್ಡ ಫೈಲುಗಳಿಗೆ ಚೆಕ್‌ಸಮ್ (ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತು, ಎರಡೂ ಕಡೆ ಒಂದೇ ಬಂದರೆ ಫೈಲ್ ಸರಿ) ನೋಡದೆ ಕ್ಯಾಮೆರಾದ ಕಾರ್ಡ್ ಖಾಲಿ ಮಾಡುವುದಿಲ್ಲ. ವಿಂಡೋಸಿನಲ್ಲಿ 'ಸರ್ಟ್‌ಯುಟಿಲ್' ಆದೇಶ, ಕೊನೆಗೆ 'ಶಾ256' ಎಂದು ಸೇರಿಸಿ; ಲಿನಕ್ಸಿನಲ್ಲಿ 'ಶಾ256ಸಮ್'. ಎರಡೂ ಒಂದೇ ಉತ್ತರ ಕೊಡುತ್ತವೆ. ಪುತ್ತೂರಿನ ಹುಡುಗ ಫೋನಿನಲ್ಲಿ ಕೊನೆಯ ಎಂಟು ಅಕ್ಷರ ಓದುತ್ತಾನೆ, ನಾನು ಇಲ್ಲಿ ಟಿಕ್ ಹಾಕುತ್ತೇನೆ.